ದೊಡ್ಡಮುನಿಯಮ್ಮನ ಕಾಸಿನ ಸರ

ಆಂಜಿನಮ್ಮ ನನ್ನ ಕರೆದು ಕೂರಿಸಿ ಕಾಫಿ ಕೊಟ್ಲು ಅಂದ್ರೆ ಅದರೊಳಗೆ ಏನೋ ಮಸಲತ್ತು ಇದೆ ಅಂತ, ಲೋಟ ಕೈಗೆ ಬರೋಕ್ ಮುಂಚೇನೇ ನಂಗೆ ಗೊತ್ತಾಗ್ಹೋಯ್ತು. ಹಿಂದಿನ ತಿಂಗಳು ಇದೇ ಆಂಜಿನಮ್ಮ ಇದೇ ಬಾಗಿಲಲ್ಲಿ ಪೊರಕೆ ಹಿಡ್ಕೊಂಡು ನಿಂತು, "ಕೇಸು ಹಿಡಿಯೋಕೆ ಬಂದ್ಯಾ? ನಮ್ಮನೇಲಿ ಯಾವ ಕೇಸೂ ಇಲ್ಲ, ಮುಂದಕ್ಕೋಗು" ಅಂದಿದ್ಲು. ಈಗ ನೋಡಿದ್ರೆ ಸಕ್ಕರೆ ಸಾಕಾ ಅಂತ ಬೇರೆ ಕೇಳ್ತಾಳೆ.

ನಾನು ಮುನಿಶಾಮಮ್ಮ, ಊರೋರಿಗೆಲ್ಲ ಶಾಮಕ್ಕ. ಕೆ.ಆರ್.ಪುರ ದಾಟಿ, ಹಳೇ ಮದ್ರಾಸ್ ರಸ್ತೆ ಬಿಟ್ಟು ಒಳಕ್ಕೆ ಬಂದ್ರೆ ಸಿಗೋ ಊರು ನಮ್ದು. ಹುಟ್ಟಿದ್ದೂ ಇಲ್ಲೇ, ಸೋದರಮಾವನ ಮಗನಿಗೇ ಕೊಟ್ಟಿದ್ರಿಂದ ಸಂಸಾರ ಮಾಡಿದ್ದೂ ಇಲ್ಲೇ. ಕೆ.ಆರ್.ಪುರದಲ್ಲಿ ತೂಗುಸೇತುವೆ ಕಟ್ತಾ ಇದ್ದ ಕಾಲ ಅದು. ರೈಲ್ವೆ ಗೇಟ್ ಹತ್ರ ಬಸ್ಸು ನಿಂತ್ರೆ, ಒಂದು ನಿದ್ದೆ ಮಾಡಿ ಎದ್ರೂ ಅಲ್ಲೇ ನಿಂತಿರೋದು. ಆಗ ಕಂಟೋನ್ಮೆಂಟ್ ಕಡೆಯ ಒಂದು ಮಿಷನ್ ಆಸ್ಪತ್ರೆಯೋರು ಹಳ್ಳಿಗೊಬ್ಬಳು ಹೆಂಗಸನ್ನ ಆರಿಸಿ, ಎದೇಲಿ ಗಡ್ಡೆ ಇದ್ಯಾ ಅಂತ ಮುಟ್ಟಿ ನೋಡೋದು ಕಲಿಸಿ, ಹೆಗಲಿಗೊಂದು ಬ್ಯಾಗ್ ಹಾಕಿ ಕಳಿಸಿದ್ರು. ನಮ್ಮೂರಿಗೆ ನಾನು.

ಆ ಬ್ಯಾಗಲ್ಲಿ ಒಂದು ರಬ್ಬರಿನ ಎದೆ ಇತ್ತು. ಅದರೊಳಗೆ ಕಡಲೆಕಾಳಿನಷ್ಟು ದಪ್ಪ ಗಂಟುಗಳನ್ನ ಅಡಗಿಸಿಟ್ಟಿರೋರು. ಹೆಂಗಸರು ಬೆರಳಲ್ಲಿ ಒತ್ತಿ ಹುಡುಕಿ ಕಲೀಲಿ ಅಂತ. ಮೊದಲನೇ ದಿನ ನಾನು ಅದನ್ನ ಆಚೆ ತೆಗೆದಾಗ ಎಲ್ಲಾರೂ ಬಾಯಿಗೆ ಸೆರಗು ತುರುಕ್ಕೊಂಡು ನಕ್ರು. ಸಂಜೆ ಹೊತ್ತಿಗೆ ಅರಳೀಕಟ್ಟೆ ಮೇಲೆ ಗಂಡಸರ ಬಾಯಲ್ಲಿ, "ಶಾಮಕ್ಕನ ಬ್ಯಾಗಲ್ಲಿ ಕುಯ್ದಿರೋ ಎದೆ ಐತಂತೆ, ಆಸ್ಪತ್ರೇಲಿ ಯಾರ್ದೋ ಕುಯ್ದು ಕೊಟ್ಟವ್ರಂತೆ" ಅಂತ ಆಗಿತ್ತು. ಆಮೇಲೆ ನಾನು ಬೀದಿಗೆ ಬಂದ್ರೆ ಬಾಗಿಲು ಹಾಕ್ಕೊಳ್ಳೋರು. ಹಾಕ್ಕೊಂಡು ಕಿಟಕೀಲಿ ನೋಡೋರು.

ಅವರನ್ನ ಪೂರ್ತಿ ಬಯ್ಯೋಕೂ ಆಗಲ್ಲ. ಹಿಂದೆ ಮಕ್ಕಳಾಗದಿರೋ ಆಪರೇಶನ್‌ಗೆ ಅಂತ ಜೀಪ್ ತಂದು ಹೆಂಗಸರನ್ನ ತುಂಬ್ಕೊಂಡು ಹೋಗಿದ್ರು. ಕರ್ಕೊಂಡು ಬಂದೋರಿಗೆ ತಲೆಗಿಷ್ಟು ಅಂತ ಸಿಕ್ತಿತ್ತು. ಅದಕ್ಕೇ ಕೇಸು ಹಿಡಿಯೋದು ಅನ್ನೋದು. ಇನ್ನು ಎದೆ ರೋಗ ಅಂದ್ರೆ ಊರಿಗೆ ಗೊತ್ತಿದ್ದಿದ್ದು ಪಿಳ್ಳಮ್ಮ ಒಬ್ಬಳೇ. ಎದೇಲಿ ಹುಣ್ಣಾಗಿ, ಅಂಟುತ್ತೆ ಅಂತ ಮನೆಯೋರೇ ತಟ್ಟೆ ಲೋಟ ಬೇರೆ ಮಾಡಿ, ದನದ ಕೊಟ್ಟಿಗೇಲಿ ಮಲಗಿಸಿ, ಅಲ್ಲೇ ಸತ್ತಳು. ಅವಳ ನರಳಾಟ ನಾನೂ ಕೇಳಿದ್ದೀನಿ. ಒಬ್ಬಳೇ ಒಬ್ಬಳು ಆಸ್ಪತ್ರೆಗೋಗಿ ಬದುಕಿ ಬಂದು ಊರೊಳಗೆ ಓಡಾಡಿದ್ರೆ ಸಾಕು, ಆಮೇಲೆ ಬಾಗಿಲು ತಾನಾಗೇ ತೆಗೆಯುತ್ತೆ ಅಂತ ನನ್ನ ಲೆಕ್ಕ. ಆ ಒಬ್ಬಳು ಎಲ್ಲೂ ಸಿಕ್ತಾ ಇರಲಿಲ್ಲ.

"ಏನ್ ವಿಷ್ಯ ಹೇಳಮ್ಮ," ಅಂದೆ.

ಆಂಜಿನಮ್ಮ ಬೀದಿ ಕಡೆ ಒಂದು ಸಲ ನೋಡಿ ದನಿ ಇಳಿಸಿದ್ಲು. "ಶಾಮಕ್ಕ, ನೀನು ಹೆಂಗಸ್ರ ಎದೆ ಮುಟ್ಟಿ ನೋಡ್ತೀಯಲ್ಲ. ನಮ್ಮತ್ತೇದು ಒಂದ್ಸಲ ನೋಡು."

"ಯಾಕೆ, ನೋವು ಅಂತಾಳಾ?"

"ನೋವೂ ಇಲ್ಲ, ಎಂಥದೂ ಇಲ್ಲ. ಎಡಗಡೆ ರವಿಕೆಯೊಳಗೆ ಏನೋ ಮಡಗವ್ಳೆ. ಎಲೆಅಡಿಕೆ ಸಂಚಿ ಅಂತಾಳೆ. ಸಂಚಿ ಅಷ್ಟು ದಪ್ಪ ಇರ್ತದಾ? ಮೊದಲು ಬೆನ್ನುಜ್ಜೋಕೆ ನನ್ನ ಕರೀತಿದ್ಲು, ಈಗ ಬಚ್ಚಲಿಗೆ ಅಗುಳಿ ಹಾಕ್ಕೋತಾಳೆ. ಎಡಮಗ್ಗುಲಿಗೆ ಮಲಗಲ್ಲ. ಬುಟ್ಟಿ ಇಳಿಸೋಕೆ ಹೋದ್ರೆ ಕೈ ಅಡ್ಡ ಇಟ್ಕೋತಾಳೆ, ಯಾರೋ ಕಿತ್ಕೊಳ್ಳೋಕೆ ಬಂದಂಗೆ." ಇನ್ನೂ ಹತ್ತಿರ ಬಂದ್ಲು. "ಅದು ಕಾಸಿನ ಸರ ಕಣಕ್ಕ. ನೀನು ನೋಡಿ ನಂಗೆ ಹೇಳ್ಬೇಕು, ಅಷ್ಟೇ."

ಅವಳ ಅತ್ತೆ ದೊಡ್ಡಮುನಿಯಮ್ಮ, ನನಗೆ ದೊಡ್ಡಮ್ಮನ ವರಸೆ. ದಿನಾ ಬೆಳಗಿನ ಮೊದಲನೇ ಬಸ್ಸಿಗೆ ಸೊಪ್ಪಿನ ಬುಟ್ಟಿ ಹಾಕ್ಕೊಂಡು ಹಲಸೂರು ಮಾರ್ಕೆಟ್ಟಿಗೆ ಹೋಗೋಳು. ಅವಳ ತಾಯಿ ಕೊಟ್ಟ ಕಾಸಿನ ಸರ ಒಂದಿತ್ತು. ಗಂಡ ಸಾಯೋವರೆಗೂ ಕೊರಳಲ್ಲಿತ್ತು, ಆಮೇಲೆ ಯಾರ ಕಣ್ಣಿಗೂ ಬಿದ್ದಿಲ್ಲ. ಎಲ್ಲಿಟ್ಟಿದ್ದಾಳೆ ಅನ್ನೋದು ಊರಿಗೆಲ್ಲ ಒಂದು ಕತೆ ಆಗ್ಬಿಟ್ಟಿತ್ತು. ಒಬ್ಬರು ಒಲೆ ಕೆಳಗೆ ಅನ್ನೋರು, ಇನ್ನೊಬ್ಬರು ಬೆಲ್ಲದ ಗಡಿಗೇಲಿ ಅನ್ನೋರು. ಆ ಸರದ ದೆಸೆಯಿಂದಾನೇ ಅತ್ತೆಗೆ ಬಿಸಿ ಮುದ್ದೆ ಮೊದಲು ಬೀಳುತ್ತೆ ಅಂತ ಆಡ್ಕೊಂಡು ನಗೋರು.

ನನಗೆ ನಗು ಬರಲಿಲ್ಲ. ಆಂಜಿನಮ್ಮ ಹೇಳಿದ್ದನ್ನ ಒಂದೊಂದೇ ಬೆರಳು ಮಡಚಿ ಎಣಿಸ್ದೆ. ಮುಟ್ಟಿಸ್ಕೊಳ್ಳಲ್ಲ, ಆ ಕಡೆ ಮಲಗಲ್ಲ, ಉಬ್ಬಿದೆ, ನೋವಿಲ್ಲ. ಇದು ಚಿನ್ನದ ಲಕ್ಷಣ ಅಲ್ಲ ಅಂತ ನಾನು ಅವಳಿಗೆ ಹೇಳಲಿಲ್ಲ. ಹೇಳಿದ್ರೆ ಕಾಫಿ ಲೋಟ ಕಿತ್ಕೊಂಡು ಅತ್ತೇನ ಇವತ್ತೇ ಕೊಟ್ಟಿಗೆಗೆ ಸಾಗಹಾಕ್ತಾಳೆ ಅನ್ನಿಸ್ತು. "ಆಗಲಿ, ನೋಡ್ತೀನಿ" ಅಂದೆ.

ಮಧ್ಯಾಹ್ನ ದೊಡ್ಡಮ್ಮ ಮಾರ್ಕೆಟ್ಟಿಂದ ಬಂದು ಖಾಲಿ ಬುಟ್ಟಿ ಇಳಿಸಿದ್ಲು. ನನ್ನ ನೋಡಿದ್ಲು, ಸೊಸೇನ ನೋಡಿದ್ಲು, ನನ್ನ ಕೈಲಿದ್ದ ಬ್ಯಾಗ್ ನೋಡಿದ್ಲು. ಆಂಜಿನಮ್ಮ ಇದ್ದಕ್ಕಿದ್ದಂಗೆ, "ಶಾಮಕ್ಕ ಸುಮ್ನೆ ನೋಡಿ ಹೋಗ್ತಾಳಂತೆ ಅತ್ತೆ, ಎಲ್ಲಾರ್ದೂ ನೋಡ್ತಾ ಅವ್ಳೆ" ಅಂತ ಬೆಣ್ಣೆ ಸವರಿದಂಗೆ ಮಾತಾಡಿದ್ಲು. ನಂಗೇ ಅಚ್ಚರಿ ಆಗೋ ಹಂಗೆ ದೊಡ್ಡಮ್ಮ ತಾನಾಗೇ ಬಚ್ಚಲಿಗೆ ನಡೆದ್ಲು. ನಾನೂ ಹೋಗಿ ಅಗುಳಿ ಹಾಕ್ದೆ. ಬಾಗಿಲಾಚೆ ಆಂಜಿನಮ್ಮನ ಬಳೆ ಸದ್ದು ಕೇಳ್ತಾನೇ ಇತ್ತು.

"ಯಾರು ಕಳಿಸಿದ್ದು ನಿನ್ನ?" ದೊಡ್ಡಮ್ಮ ಪಿಸುಗುಟ್ಟಿದ್ಲು.

"ನಿನ್ನ ಸೊಸೆ. ಕಾಸಿನ ಸರ ಹುಡುಕೋಕೆ."

ಅವಳು ಸದ್ದಿಲ್ಲದೆ ನಕ್ಕಳು. ನಗ್ತಾ ನಗ್ತಾನೇ ಕಣ್ಣಲ್ಲಿ ನೀರು ಬಂತು. ಹಂಡೇಲಿದ್ದ ಬಿಸಿನೀರಲ್ಲಿ ನಾನು ಕೈ ಅದ್ದಿ ಬೆಚ್ಚಗೆ ಮಾಡ್ಕೊಂಡೆ. ತಣ್ಣನೆ ಕೈಯಲ್ಲಿ ಮುಟ್ಟಬಾರದು ಅಂತ ಕಲಿಸಿದ್ರು. ರವಿಕೆ ಬಿಚ್ಚಿದ್ಲು. ಸಂಚಿ ತೆಗೆದು ಗೂಡಲ್ಲಿಟ್ಲು. ಅದರೊಳಗೆ ಎಲೆ, ಅಡಿಕೆ, ಸುಣ್ಣದ ಡಬ್ಬಿ ಬಿಟ್ರೆ ಏನಿಲ್ಲ. ಸಂಚಿ ತೆಗೆದ ಮೇಲೂ ಉಬ್ಬು ಅಲ್ಲೇ ಇತ್ತು. ಬೆರಳಿಟ್ಟೆ. ನಿಂಬೆಹಣ್ಣಿನಷ್ಟು ದಪ್ಪ, ಕಲ್ಲು ಕಲ್ಲಾಗಿ.

"ಎಷ್ಟು ದಿನದಿಂದ?"

"ಯುಗಾದಿಗೆ ಮುಂಚಿಂದ. ಸಂಚಿ ಒತ್ತಿ ಒತ್ತಿ ಆಗಿರಬೇಕು ಅಂದ್ಕೊಂಡೆ. ಬಲಗಡೆಗೆ ಇಟ್ಟು ನೋಡಿದೆ, ಕರಗಲಿಲ್ಲ. ಆಮೇಲೆ ಕಾಣದಿರಲಿ ಅಂತ ತಿರುಗಾ ಅದರ ಮೇಲೇ ಇಟ್ಕೊಂಡೆ." ಬಾಗಿಲ ಕಡೆ ಗಲ್ಲ ತೋರಿಸಿದ್ಲು. "ಅವಳು ಸರ ಅಂದ್ಕೊಂಡವ್ಳೆ ಅಂತ ನಂಗೂ ಗೊತ್ತು ಕಣೆ. ಅಂದ್ಕೊಳ್ಳಲಿ ಅಂತ ಬಿಟ್ಟೆ. ಚಿನ್ನ ಇದ್ರೆ ನಡುಮನೇಲಿ ಹಾಸಿಗೆ. ಗಡ್ಡೆ ಅಂದ್ರೆ ಪಿಳ್ಳಮ್ಮನ ಕೊಟ್ಟಿಗೆ. ಶಾಮಿ, ನಿನ್ನ ಕಾಲು ಹಿಡ್ಕೋತೀನಿ, ಸರ ಐತೆ ಅಂದ್ಬಿಡು."

"ಅಂದ್ರೆ ಸಾಯ್ತೀಯ."

"ನಡುಮನೇಲಿ ಸಾಯ್ತೀನಿ."

ನನಗೆ ರೇಗಿಹೋಯ್ತು. ಅವಳ ಮೇಲೋ, ಆಂಜಿನಮ್ಮನ ಮೇಲೋ, ಊರ ಮೇಲೋ ಗೊತ್ತಿಲ್ಲ. "ಸಾಯೋ ಮಾತು ಆಡಿದ್ರೆ ಈಗಲೇ ಬಾಗಿಲು ತೆಗೀತೀನಿ," ಅಂದೆ. "ಇದನ್ನ ಆಪರೇಶನ್ ಮಾಡಿ ತೆಗೀಬಹುದು. ಆದ್ರೆ ಆಸ್ಪತ್ರೇಲಿ ಪಕ್ಕದಲ್ಲಿ ಮನೆಯೋರು ಬೇಕು. ನಿನ್ನ ಮಗ ಸೈನ್ ಹಾಕ್ಬೇಕು, ನಿನ್ನ ಸೊಸೆ ಜೊತೆಗಿರಬೇಕು. ನಾನು ಸರ ಇದೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. ನೀನು ನಾನು ಕರೆದ ಕಡೆ ಬರ್ಬೇಕು, ಅಷ್ಟೇ."

ದೊಡ್ಡಮ್ಮ ತುಂಬಾ ಹೊತ್ತು ರವಿಕೆ ಗುಂಡಿ ಹಾಕ್ಕೋತಾನೇ ಇದ್ಲು. ಸಾಯೋಕೆ ಅವಳಿಗೂ ಇಷ್ಟ ಇರಲಿಲ್ಲ ಅಂತ ಆ ಬೆರಳು ನೋಡಿದ್ರೇನೇ ತಿಳೀತಿತ್ತು. ಆಮೇಲೆ "ಹೂಂ" ಅಂದ್ಲು.

ಆಚೆ ಬಂದ ತಕ್ಷಣ ಆಂಜಿನಮ್ಮ ನನ್ನ ತೋಳು ಹಿಡಿದು ಹಿತ್ತಲಿಗೆ ಎಳ್ಕೊಂಡು ಹೋದ್ಲು. "ಸಿಕ್ತಾ?"

"ಸರ ನನಗೆಲ್ಲಿ ತೋರಿಸ್ತಾಳೆ ಅವಳು," ಅಂದೆ. "ಆದ್ರೆ ಒಂದು ಸಲ ಆಸ್ಪತ್ರೆಗೆ ಕರ್ಕೊಂಡ್ಹೋಗಿ ತೋರಿಸ್ಬೇಕು. ಅಲ್ಲಿ ಎಕ್ಸ್‌ರೇ ತೆಗೆಯೋವಾಗ ಮೈಮೇಲೆ ಏನೂ ಇಟ್ಕೊಳ್ಳೋಕೆ ಬಿಡಲ್ಲ. ಸೀರೆ, ರವಿಕೆ, ಸಂಚಿ ಎಲ್ಲ ಬಿಚ್ಚಿಸಿ ಗಂಟು ಕಟ್ಟಿ ಜೊತೇಲಿ ಬಂದೋರ ಕೈಗೆ ಕೊಡ್ತಾರೆ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವಳ ಆಸೆ ಗೊತ್ತಿದ್ದೇ ಹೇಳ್ದೆ, ಅದೂ ನಿಜ. ಇವತ್ತೂ ಅಂಥದ್ದೇ ಬಂದ್ರೆ ಅದನ್ನೇ ಹೇಳ್ತೀನಿ, ನಂಗೇನೂ ನಾಚಿಕೆ ಇಲ್ಲ.

ಸೋಮವಾರ ಬಸ್ಸಲ್ಲಿ ಮೂವರೂ ಹೊರಟ್ವಿ. ಆಂಜಿನಮ್ಮ ಅತ್ತೆಯ ಎಡಗಡೆಗೆ ಅಂಟ್ಕೊಂಡು ಕೂತಿದ್ಲು. ಗೇಟ್ ಹತ್ರ ಬಸ್ಸು ನಿಂತು ಜನ ನುಗ್ಗಿದಾಗ, "ಮುಟ್ಬೇಡ್ರೀ ಮುದುಕೀನ, ನೋಡ್ಕೊಂಡ್ ನಿಂತ್ಕೊಳ್ರೀ" ಅಂತ ಕೈ ಅಡ್ಡ ಇಟ್ಟು ಕಾದ್ಲು. ನೋಡ್ದೋರು ಎಂಥಾ ಸೊಸೆ ಅಂದ್ಕೊಂಡಿರಬೇಕು. ಒಬ್ಬಳು ಮುಸ್ಲಿಂ ಅಜ್ಜಿ ಎದ್ದು ಜಾಗಾನೂ ಬಿಟ್ಕೊಟ್ಲು.

ಆಸ್ಪತ್ರೇಲಿ ನನಗೆ ಕೆಲಸ ಕಲಿಸಿದ್ದ ಸಿಸ್ಟರ್ ಸಾಮಿಯಾ ಇದ್ಲು, ಶಿವಾಜಿನಗರದೋಳು. ದೊಡ್ಡಮ್ಮನ ಕೈ ಹಿಡ್ಕೊಂಡು ಒಳಗೆ ಕರ್ಕೊಂಡ್ಹೋದ್ಲು, ನಾನೂ ಹೋದೆ. ಹಸಿರು ಗೌನ್ ತೊಡಿಸಿ, ಬಿಚ್ಚಿದ ಬಟ್ಟೆ ಗಂಟು ಕಟ್ಟಿ ಆಚೆ ಬೆಂಚಲ್ಲಿ ಕೂತಿದ್ದ ಆಂಜಿನಮ್ಮನ ಮಡಿಲಿಗೆ ಸಾಮಿಯಾನೇ ಕೊಟ್ಲು. ನಾನು ತಿರುಗಿ ಆಚೆ ಬಂದಾಗ ಗಂಟು ಬಿಚ್ಚಿ ಹರಡಿತ್ತು. ಸಂಚಿ ಒಳಮೈ ಹೊರಕ್ಕೆ ತಿರುವಿತ್ತು. ಬೆಂಚಿನ ಮೇಲೆ ಅಡಿಕೆ ಚೂರು, ಸುಣ್ಣದ ಡಬ್ಬಿ, ಒಣಗಿದ ಎಲೆ. ಆಂಜಿನಮ್ಮ ತಲೆ ಎತ್ತಿದ್ಲು.

"ಎಲ್ಲಿ?"

"ಏನೆಲ್ಲಿ?"

"ಒಳಗೆ ನೀನೂ ಇದ್ಯಲ್ಲ. ಬಿಚ್ಚಿದ್ದು ನಿನ್ನೆದುರಿಗೇ ತಾನೆ?" ನನ್ನ ಮುಖ ಬಿಟ್ಟು ಅವಳ ಕಣ್ಣು ನನ್ನ ಬ್ಯಾಗಿಗೆ ಇಳೀತು. "ಬ್ಯಾಗ್ ತೆಗಿ, ನೋಡಣ."

ನಾನು ತೆಗೆದೆ. ತೆಗೀಬಾರ್ದಿತ್ತು, ಆದ್ರೆ ಸಿಟ್ಟು ಬಂದಿತ್ತು. ಆ ಕಾರಿಡಾರಲ್ಲಿ, ಅಷ್ಟು ಜನರ ಎದುರಿಗೆ, ರಬ್ಬರಿನ ಎದೆ ಎತ್ತಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನೂ ಒತ್ತಿ ಒತ್ತಿ ನೋಡಿದ್ಲು. ಒಳಗೆ ಗಂಟು ಸಿಕ್ತಲ್ಲ, ಇನ್ನೂ ಅನುಮಾನ ಜಾಸ್ತಿ ಆಯ್ತು.

ಅಷ್ಟರಲ್ಲಿ ಡಾಕ್ಟರಮ್ಮ ಕರೆದ್ರು. ಸುತ್ತಿ ಬಳಸಿ ಮಾತಾಡೋ ಅಭ್ಯಾಸ ಇಲ್ಲ ಅವರಿಗೆ. "ಎದೇಲಿ ಗಡ್ಡೆ ಇದೆಮ್ಮ. ಸೂಜಿ ಹಾಕಿ ಪರೀಕ್ಷೆ ಮಾಡ್ತೀವಿ, ಕ್ಯಾನ್ಸರ್ ಇರೋ ಹಾಗೇ ಕಾಣ್ತಿದೆ. ಇನ್ನೂ ಬೇರೆ ಕಡೆ ಹರಡಿಲ್ಲ. ಆಪರೇಶನ್ ಮಾಡಿದ್ರೆ ಬದುಕ್ತಾರೆ," ಅಂದ್ರು. ಆಂಜಿನಮ್ಮ ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಸೆರಗು ಮೂಗಿಗೆ ಮುಚ್ಕೊಂಡ್ಲು. "ಅಂಟುತ್ತಾ?" ಅಂದ್ಲು.

ಸಾಮಿಯಾ ಅಲ್ಲೇ ಇದ್ಲು. ದೊಡ್ಡಮ್ಮ ಅರ್ಧ ಕುಡಿದಿಟ್ಟಿದ್ದ ಟೀ ಎತ್ಕೊಂಡು ಗಟಗಟ ಕುಡಿದ್ಬಿಟ್ಲು. "ಅರೆ ಅಮ್ಮ, ಅಂಟೋದಾದ್ರೆ ನಮ್ಗೇ ಫಸ್ಟು ಅಂಟ್ಬೇಕಲ್ವಾ?" ಅಂದ್ಲು. ಆಂಜಿನಮ್ಮ ಬಾಯಿ ಬಿಟ್ಕೊಂಡು ನೋಡಿದ್ಲು. ರೋಗಕ್ಕಿಂತ ಆ ಎಂಜಲು ಲೋಟಾನೇ ಅವಳಿಗೆ ಹೆಚ್ಚು ಗಾಬರಿ ಆಗಿರಬೇಕು.

ಆಗ ಆಂಜಿನಮ್ಮ ತಿರುಗಿ ಬಸ್ ಹತ್ತಿದ್ರೆ ಎಲ್ಲಾ ಮುಗೀತಿತ್ತು. ಹತ್ತಲಿಲ್ಲ. ಮುದುಕಿ ಸತ್ರೆ ಸರ ಎಲ್ಲಿದೆ ಅನ್ನೋದೂ ಅವಳ ಜೊತೇಲೇ ಹೋಗುತ್ತೆ ಅಂತ ಲೆಕ್ಕ ಹಾಕಿದ್ಲೋ, ಕರುಳು ಚುರುಕ್ ಅಂತೋ, ಆ ದೇವರಿಗೇ ಗೊತ್ತು. ದೊಡ್ಡಮ್ಮನ ಮಗ ಮುನಿಕೃಷ್ಣಪ್ಪ ವಿಮಾನಪುರದ ಕಡೆ ಗಾರೆ ಕೆಲಸಕ್ಕೆ ಹೋಗೋನು, ಅವನನ್ನ ಕರೆಸಿ ಸೈನ್ ಹಾಕಿಸಿದ್ಲು. ಆಪರೇಶನ್ ಆದ ಮೇಲೆ ವಾರ್ಡಲ್ಲಿ ಅತ್ತೆ ಮಂಚದ ಕೆಳಗೇ ಚಾಪೆ ಹಾಸ್ಕೊಂಡ್ಲು. ಬೆಡ್‌ಪ್ಯಾನ್ ಎತ್ತಿದ್ಲು, ಗಂಜಿ ಕುಡಿಸಿದ್ಲು, ಔಷಧಿಗೆ ಕೂದಲು ಉದುರಿದಾಗ ಅವಳೇ ಗುಡಿಸಿ ಹಾಕಿದ್ಲು. ಗಂಜಿ ಕುಡಿಸ್ತಾ ಕುಡಿಸ್ತಾ, "ಅತ್ತೆ, ಸರ ಯಾರ ಕೈಗೆ ಕೊಟ್ಟೆ, ಶಾಮಕ್ಕನ ಕೈಗಾ?" ಅಂತ ಕೇಳೋಳು. ದೊಡ್ಡಮ್ಮ ಕಣ್ಣು ಮುಚ್ಕೊಂಡು ನಿದ್ದೆ ಬಂದಂಗೆ ಮಾಡೋಳು.

ದೊಡ್ಡಮ್ಮ ಬದುಕಿ ಬಂದ್ಲು. ಗಿಡ್ಡ ಗಿಡ್ಡ ಬಿಳಿ ಕೂದಲು ಬಿಟ್ಕೊಂಡು, ಒಂದು ಕಡೆ ಚಪ್ಪಟೆಯಾಗಿರೋ ರವಿಕೆ ಹಾಕ್ಕೊಂಡು, ಮುಂದಿನ ಯುಗಾದಿ ಕಳೆದ ಮೇಲೆ ಮತ್ತೆ ಹಲಸೂರಿನ ಬಸ್ ಹತ್ತಿದ್ಲು. ಬುಟ್ಟಿ ಚಿಕ್ಕದು, ಅಷ್ಟೇ ವ್ಯತ್ಯಾಸ. ನಾನು ಕೇಳಿದ್ದ ಆ ಒಬ್ಬಳು ಕಣ್ಣೆದುರಿಗೇ ಓಡಾಡ್ತಿದ್ರೂ ನನಗೆ ಒಂದು ಬಾಗಿಲೂ ತೆಗೀಲಿಲ್ಲ. ಯಾಕಂದ್ರೆ ಆಂಜಿನಮ್ಮ ಊರಿಗೆಲ್ಲ ಸಾರಿಬಿಟ್ಟಿದ್ಲು. ಮುಟ್ಟಿ ನೋಡ್ತೀನಿ ಅಂತ ಬಚ್ಚಲಿಗೆ ಕರ್ಕೊಂಡ್ಹೋಗಿ ಶಾಮಕ್ಕ ಕಾಸಿನ ಸರ ಲಪಟಾಯಿಸಿದ್ಲು ಅಂತ. ಮೊದಲು ಎದೆ ಕುಯ್ಯೋಳು ಅಂತಿದ್ರು, ಈಗ ಕಳ್ಳಿ ಅಂದ್ರು. ನಲ್ಲಿ ಹತ್ರ ನಾನು ಬಿಂದಿಗೆ ಇಟ್ರೆ ಹೆಂಗಸರು ಮಾತು ನಿಲ್ಲಿಸಿ ಕೊರಳು ಮುಟ್ಟಿ ನೋಡ್ಕೊಳ್ಳೋರು. ನಮ್ಮನೆ ಗೋಡೆಗೆ ಸುಣ್ಣ ಹೊಡೆಸಿದ್ರೆ, "ಹೊಡಿಸದೆ ಏನು, ಸಿಕ್ಕೈತಲ್ಲ" ಅಂದ್ರು.

ತಡೆಯೋಕಾಗದೆ ಒಂದಿನ ಸೊಪ್ಪಿನ ಮಡೀಗೇ ಹೋದೆ. ದೊಡ್ಡಮ್ಮ ಕೊತ್ತಂಬರಿ ಕೀಳ್ತಾ ಕೂತಿದ್ಲು.

"ನಿನ್ನ ಜೀವ ಉಳಿಸ್ದೆ. ನನ್ನ ಮಾನ ನೀನು ಉಳಿಸ್ಬೇಕು," ಅಂದೆ. "ಸರ ಎಲ್ಲೈತೆ ಅಂತ ನಿನ್ನ ಸೊಸೆಗೆ ಹೇಳು."

"ಅವಳ ಕೊರಳಲ್ಲೇ ಐತೆ," ಅಂದ್ಲು ದೊಡ್ಡಮ್ಮ, ತಲೆ ಎತ್ತದೆ.

ನನಗೆ ಅರ್ಥ ಆಗಲಿಲ್ಲ.

"ಮದುವೇಲಿ ಅವಳ ತಾಳಿಗೆ ಸರ ಬೇಕಿತ್ತು. ಎಲ್ಲಿಂದ ತರ್ಲಿ? ಹಲಸೂರಲ್ಲಿ ಕಾಸಿನ ಸರ ಕರಗಿಸಿ ಅದನ್ನೇ ಮಾಡಿಸ್ದೆ. ಅಂಗಡೀಲಿ ಹೊಸದು ಕೊಂಡೆ ಅಂತ ಎಲ್ಲಾರ್ಗೂ ಹೇಳ್ದೆ. ಗಂಡ ಸತ್ತೋಳ ಮೈಮೇಲಿದ್ದ ಚಿನ್ನ ಮದುವಣಗಿತ್ತಿ ತಾಳಿಗೆ ಹಾಕಲ್ಲ ನಮ್ಮಲ್ಲಿ, ನಿಂಗೇ ಗೊತ್ತಲ್ಲ. ಅವಳಿಗೆ ಎರಡು ಸಲ ಬಸಿರು ನಿಲ್ಲಲಿಲ್ಲ. ಈಗ ಇದು ಗೊತ್ತಾದ್ರೆ ಆ ಸರದಿಂದಾನೇ ಅಂತಾಳೆ. ನಾನೇ ಕೊಂದೆ ಅಂತಾಳೆ." ಕಿತ್ತ ಕಟ್ಟನ್ನ ಬುಟ್ಟಿಗೆ ಹಾಕಿದ್ಲು. "ಒಂದೊಂದು ಸಲ ನಂಗೂ ಹಂಗೇ ಅನ್ಸುತ್ತೆ ಶಾಮಿ."

ಹಂಗೆಲ್ಲ ಏನೂ ಇಲ್ಲ, ಸುಮ್ನಿರು ಅಂದೆ. ಮಾನ ಬೇಕು ಅಂತ ಹೋದೋಳು ಅವಳ ಜೊತೆ ಕೂತು ಎರಡು ಮಡಿ ಕೊತ್ತಂಬರಿ ಕಿತ್ಕೊಟ್ಟು ಬಂದೆ. ಮೈಯೆಲ್ಲ ಉರೀತಿತ್ತು. ಯಾರಿಗೂ ಹೇಳಲಿಲ್ಲ.

ಆಸ್ಪತ್ರೆಯೋರು, "ನಿಮ್ಮೂರಲ್ಲಿ ಯಾರೂ ಬರ್ತಾ ಇಲ್ಲ, ಬೇರೆ ಊರಿಗೆ ಹಾಕ್ತೀವಿ" ಅಂದಿದ್ರು. ಬ್ಯಾಗ್ ವಾಪಸ್ ಕೊಟ್ಬಿಡೋಣ ಅಂತ ಗೂಟದಿಂದ ಇಳಿಸಿಟ್ಟಿದ್ದೆ. ಆಗ ಬಾಗಿಲಲ್ಲಿ ನೆರಳಾಯ್ತು. ದೊಡ್ಡಮ್ಮ ಮುಂದೆ, ಹಿಂದೆ ಆಂಜಿನಮ್ಮ, ಅವಳ ಹಿಂದೆ ಪಕ್ಕದ ಬೀದಿಯ ಇನ್ನಿಬ್ಬರು ಹೆಂಗಸರು. ಬೀದೀಲೆಲ್ಲಾರೂ ನೋಡ್ತಾ ಇದ್ರು.

"ನನ್ನ ಸೊಸೆಗೆ ಬಲಗಡೆ ಏನೋ ಗಂಟು ಸಿಕ್ಕೈತಂತೆ, ನೋಡು," ಅಂದ್ಲು ದೊಡ್ಡಮ್ಮ. "ಮಿಕ್ಕೋರೂ ಸುಮ್ನೆ ನೋಡಿಸ್ಕೋತೀವಿ ಅಂದ್ರು, ಕರ್ಕೊಂಬಂದೆ." ಹೇಳಿ ಮೆಟ್ಟಿಲ ಮೇಲೆ ಕೂತು ಸಂಚಿ ಬಿಚ್ಚಿದ್ಲು. ಸಂಚಿ ಈಗ ಸೊಂಟದಲ್ಲಿತ್ತು.

ಆಂಜಿನಮ್ಮ ಒಳಗೆ ಬಂದ್ಲು. ಕಣ್ಣು ಊದ್ಕೊಂಡಿತ್ತು, ರಾತ್ರಿಯೆಲ್ಲ ಅತ್ತಿರಬೇಕು. ಸೆರಗು ಸರಿಸಿದ್ಲು. ಕೊರಳಲ್ಲಿ ಸರ ಇಲ್ಲ. ಬರೀ ಅರಿಶಿನದ ದಾರಕ್ಕೆ ಒಂದು ಅರಿಶಿನದ ಕೊಂಬು ಕಟ್ಕೊಂಡಿದ್ಲು. ಓಲೇನೂ ಇಲ್ಲ, ಮೂಗುಬೊಟ್ಟೂ ಇಲ್ಲ. ನಾನು ಹೊರಗೆ ನಿಂತಿದ್ದೋರ ಕೊರಳನ್ನೂ ನೋಡ್ದೆ. ಅವರದ್ದೂ ಹಂಗೇ, ಬರೀ ದಾರ.

"ಸರ ಎಲ್ಲಿ?" ಅಂತ ನನ್ನ ಬಾಯಿಂದ ಬಂದ್ಹೋಯ್ತು.

"ಪೆಟ್ಟಿಗೇಲಿಟ್ಟು ಬೀಗ ಹಾಕಿ ಬಂದಿದ್ದೀನಿ," ಅಂದ್ಲು ನನ್ನ ಮುಖಾನೇ ನೋಡ್ಕೊಂಡು. "ಯಾಕೆ ಅಂತ ನಿಂಗೆ ಗೊತ್ತು."

ನಾನು ಕದ್ದೆ ಅಂತ ಊರೆಲ್ಲ ಸಾರಿದ ಚಿನ್ನಾನ, ನಾನು ಕದೀತೀನಿ ಅಂತ ಪೆಟ್ಟಿಗೇಲಿಟ್ಟು ಬಂದವ್ಳೆ. ಮಾತು ನನ್ನ ನಾಲಿಗೆ ತುದೀವರೆಗೂ ಬಂತು. ತೆರೆದ ಬಾಗಿಲಲ್ಲಿ ದೊಡ್ಡಮ್ಮನ ಬೆನ್ನು ಕಾಣ್ತಿತ್ತು. ಎಲೆಗೆ ಸುಣ್ಣ ಸವರ್ತಿದ್ದ ಕೈ ನಿಂತ್ಬಿಟ್ಟಿತ್ತು.

"ಶಾಮಿ," ಅಂದ್ಲು ಅವಳು, ತಿರುಗದೇನೇ. "ಕೈ ಬೆಚ್ಚಗೆ ಮಾಡ್ಕೊ. ಅವಳಿಗೆ ಚಳಿ ತಡೆಯಲ್ಲ."

ನಾನು ಬಾಗಿಲು ಹಾಕ್ದೆ. ಹಂಡೇಲಿ ಕೈ ಅದ್ದಿ, ಒರೆಸ್ಕೊಂಡು ಬಂದೆ. "ಬಲಗೈ ಎತ್ತಿ ತಲೆ ಹಿಂದಕ್ಕೆ ಇಟ್ಕೊ, ಹೆದರ್ಬೇಡ," ಅಂದೆ. ಇಟ್ಕೊಂಡ್ಲು. ಬೆರಳಿಟ್ಟೆ. ಅವಳು ಉಸಿರು ಬಿಗಿ ಹಿಡ್ಕೊಂಡು, ನನ್ನ ಎರಡು ಕೈನೂ ಬಿಡದಂಗೆ ನೋಡ್ತಾನೇ ಇದ್ಲು.